ಜ್ಯೋತಿರ್ಗಣಿತಜ್ಞ ವೆಂಕಟೇಶ ಬಾಪೂಜಿ ಕೇತಕರ

ರಾಜ್ಯೋತ್ಸವದ ಸಂಚಿಕೆಗಳಲ್ಲಿ ನಾಡನ್ನಾಳಿದ ಅರಸರು, ಕವಿಗಳು, ಶರಣರು, ಏಕೀಕರಣಕ್ಕಾಗಿ ದುಡಿದ ಹಿರಿಯರು, ಇವರ ಚರಿತ್ರೆಗಳನ್ನು ನಾವು ಓದುತ್ತ ಬಂದಿದ್ದೇವೆ. ಅದು ಯೋಗ್ಯವೇ ಆಗಿದೆ. ಈ ಸಲ ಸಂಪಾದಕರ ಅಪ್ಪಣೆ ಪಡೆದು, ಖಡ್ಗ ಹಿಡಿಯದ, ಕಾವ್ಯ ಬರೆಯದ, ಕೇವಲ ಆಕಾಶದ ಲೆಕ್ಕ ಬರೆದ ಒಬ್ಬ ಸಾಲಿಯ ಮಾಸ್ತರರ ಚರಿತ್ರೆಯನ್ನು ವಾಚಕರ ಮುಂದಿಡುತ್ತಿದ್ದೇನೆ. ನಾನು ಜ್ಯೋತಿಷದ ಪಂಡಿತನಲ್ಲ. ಬಿ.ಕಾಂ. ಮುಗಿಸಿ ಈ ಮುಂಬಯಿಯ ಒಂದು ಬ್ಯಾಂಕಿನಲ್ಲಿ ಗುಮಾಸ್ತನಾಗಿ ಜಮಾ-ಖರ್ಚು ತಾಳೆ ನೋಡುವವನು. ಆದರೂ ಈ ಮಹನೀಯರ ಬಾಳನ್ನು ತಿಳಿದಾಗ, ನನ್ನ ಕಸುಬಿಗೂ ಅವರ ಕಸುಬಿಗೂ ಏನೋ ಒಂದು ದೂರದ ನಂಟಿದೆ ಎನ್ನಿಸಿತು.

ಅವರ ಹೆಸರು ನನ್ನ ಕಿವಿಗೆ ಬಿದ್ದುದು ಒಂದು ಸಂಕ್ರಾಂತಿಯ ನಿಮಿತ್ತದಿಂದ. ಡೊಂಬಿವಲಿಯಲ್ಲಿ ನಮ್ಮ ನೆರೆಮನೆಯವರು ರತ್ನಾಗಿರಿ ಕಡೆಯ ಮರಾಠಿಗರು. ಒಂದು ವರ್ಷ ಜನವರಿ ೧೦ಕ್ಕೇ ಅವರ ಮನೆಯಿಂದ ತಿಳಗೂಳ ಬಂದಿತು. ನಮ್ಮ ಮನೆಯ ಕುಸುರೆಳ್ಳು ಇನ್ನೂ ಪೇಟೆಯಿಂದಲೇ ಬಂದಿರಲಿಲ್ಲ. ಒಂದೇ ಸೂರ್ಯ ಇವರಿಗೆ ೧೦ನೆಯ ತಾರೀಖಿಗೂ ನಮಗೆ ೧೪ನೆಯ ತಾರೀಖಿಗೂ ಮಕರ ರಾಶಿಗೆ ಬರುವದು ಹೇಗೆ ಎಂದು ನನ್ನ ಮಗಳು ಕೇಳಿದಳು. ಉತ್ತರ ನನಗೆ ತಿಳಿದಿರಲಿಲ್ಲ. ನೆರೆಮನೆಯ ಅಜೋಬಾ ಅವರೇ, ತಮ್ಮದು ಟಿಳಕ ಪಂಚಾಂಗವೆಂದೂ, ನಮ್ಮದು ಚಿತ್ರಾಪಕ್ಷವೆಂದೂ, ಆ ಪಕ್ಷವನ್ನು ಕಟ್ಟಿದವರು ನಮ್ಮ ಬಾಗಲಕೋಟೆಯವರೇ ಎಂದೂ ನಗುತ್ತ ತಿಳಿಸಿದರು. ವಿಜಾಪುರ ಜಿಲ್ಲೆಯಲ್ಲಿ ಹುಟ್ಟಿ ಬೆಳೆದ ನನಗೆ ನಮ್ಮ ಊರ ಕಡೆಯ ದೊಡ್ಡವರ ವಿಷಯವನ್ನು ಕೊಂಕಣದ ಹಿರಿಯರೊಬ್ಬರು ಹೇಳಿಕೊಡಬೇಕಾಯಿತಲ್ಲಾ ಎಂದು ಮನಸ್ಸಿಗೆ ನಾಚಿಕೆಯಾಯಿತು. ಅಂದಿನಿಂದ ಹುಡುಕಿ ತಿಳಿದುಕೊಂಡದ್ದೇ ಈ ಲೇಖನ.

ವೆಂಕಟೇಶ ಬಾಪೂಜಿ ಕೇತಕರರು ೧೮೫೪ನೆಯ ಜನವರಿ ೧೮ರಂದು ನರಗುಂದದಲ್ಲಿ ಜನಿಸಿದರು. ಇಂದು ಗದಗ ಜಿಲ್ಲೆಗೆ ಸೇರಿದ ಈ ಊರು ಆಗ ಭಾವೆ ಮನೆತನದ ಚಿಕ್ಕ ಸಂಸ್ಥಾನವಾಗಿತ್ತು. ಮಗು ನಾಲ್ಕು ವರ್ಷದ್ದಾಗಿದ್ದಾಗ, ೧೮೫೮ರ ಬೇಸಿಗೆಯಲ್ಲಿ, ಅಲ್ಲಿಯ ಅರಸ ಬಾಬಾಸಾಹೇಬರು ಇಂಗ್ಲಿಷರ ವಿರುದ್ಧ ಬಂಡೆದ್ದರು. ಬಂಡಾಯ ಮುರಿದುಬಿದ್ದು ಅವರು ಬೆಳಗಾವಿಯಲ್ಲಿ ಗಲ್ಲಿಗೇರಿದರು, ಸಂಸ್ಥಾನವೂ ಹೋಯಿತು. ಇಂಥ ಗೊಂದಲದ ಕಾಲದಲ್ಲಿ ಬೆಳೆದ ಹುಡುಗನಿಗೆ ಮನೆಯಲ್ಲಿ ಉಳಿದ ಆಸ್ತಿಯೆಂದರೆ ವಿದ್ಯೆ. ತಂದೆ ಬಾಪೂಶಾಸ್ತ್ರಿಗಳು ಜ್ಯೋತಿಷಶಾಸ್ತ್ರವನ್ನು ಬಲ್ಲವರು. ಸಂಸ್ಕೃತವೂ ಗಣಿತವೂ ಮಗನಿಗೆ ಮೊದಲು ಬಂದದ್ದು ಅವರಿಂದಲೇ. ಮನೆಮಾತು ಮರಾಠಿ, ಬೀದಿಯ ಮಾತು ಕನ್ನಡ, ಶಾಸ್ತ್ರದ ಮಾತು ಸಂಸ್ಕೃತ, ಮುಂದೆ ಕಲಿತ ವಿದ್ಯೆಯ ಮಾತು ಇಂಗ್ಲಿಷು. ಈ ನಾಲ್ಕರ ನಡುವೆ ಬಾಳುವದು ಮುಂಬಯಿಯ ಕನ್ನಡಿಗರಾದ ನಮಗೆ ಹೊಸದಲ್ಲ.

ಓದು ಮುಗಿದ ಮೇಲೆ ಅವರು ಮುಂಬಯಿ ಪ್ರಾಂತದ ಶಿಕ್ಷಣ ಇಲಾಖೆಯಲ್ಲಿ ಉಪಾಧ್ಯಾಯರಾಗಿ ಸೇರಿದರು. ಮುಂದೆ ಬಾಗಲಕೋಟೆಯ ಇಂಗ್ಲಿಷ್ ಸಾಲಿಯ ಮುಖ್ಯಾಧ್ಯಾಪಕರಾದರು. ಅಂದಿನ ಬಾಗಲಕೋಟೆ ಎಂದರೆ ಘಟಪ್ರಭೆಯ ದಂಡೆಯ ಒಂದು ವ್ಯಾಪಾರದ ಊರು. ಅಲ್ಲಿ ವೇಧಶಾಲೆಯಿರಲಿಲ್ಲ, ದೊಡ್ಡ ಗ್ರಂಥಾಲಯವಿರಲಿಲ್ಲ, ಕೂಡಿ ಚರ್ಚಿಸಲು ಆ ಶಾಸ್ತ್ರದ ಪ್ರಾಧ್ಯಾಪಕರಿರಲಿಲ್ಲ. ಸಾಲಿಯ ಹಾಜರಿ ಪುಸ್ತಕ, ಪರೀಕ್ಷೆ, ಇಲಾಖೆಗೆ ಕಳಿಸುವ ವರದಿ, ಇವುಗಳ ನಡುವೆ ಉಳಿದ ವೇಳೆಯಲ್ಲಿಯೇ ಅವರು ತಮ್ಮ ಬಾಳಿನ ಮುಖ್ಯ ಕಾರ್ಯವನ್ನು ಸಾಧಿಸಿದರು.

ಆ ಕಾರ್ಯವಾವುದೆಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆಯ ಪಂಚಾಂಗಗಳನ್ನು ಆಗ ಬಹುಮಟ್ಟಿಗೆ ಗ್ರಹಲಾಘವವೆಂಬ ಗ್ರಂಥದ ಆಧಾರದಿಂದ ಗಣಿಸುತ್ತಿದ್ದರು. ಅದನ್ನು ಬರೆದ ಗಣೇಶ ದೈವಜ್ಞರು ಕೊಂಕಣದ ನಾಂದಗಾವಿಯವರು. ಗ್ರಂಥದ ಕಾಲ ಕ್ರಿ.ಶ. ೧೫೨೦. ಅತ್ಯಂತ ಸುಲಭವಾದ, ಜಾಣತನದ ಗ್ರಂಥ. ಆದರೆ ಯಾವ ಲೆಕ್ಕದಲ್ಲಾದರೂ ಅಲ್ಪ ಸ್ವಲ್ಪ ಅಂತರ ಇದ್ದೇ ಇರುತ್ತದೆ. ಖಾತೆಯ ಪುಟದಿಂದ ಪುಟಕ್ಕೆ ಮೊತ್ತವನ್ನು ಒಯ್ಯುವಾಗ ಒಂದೊಂದು ಪೈಸೆ ತಪ್ಪಿದರೆ ಮೊದಲ ವರ್ಷ ಯಾರಿಗೂ ತಿಳಿಯುವದಿಲ್ಲ. ಮುನ್ನೂರೈವತ್ತು ವರ್ಷ ಅದೇ ತಪ್ಪನ್ನು ಮುಂದೊಯ್ದರೆ ತಿಜೋರಿಗೂ ಪುಸ್ತಕಕ್ಕೂ ತಾಳೆಯೇ ಬೀಳುವದಿಲ್ಲ. ಪಂಚಾಂಗಕ್ಕೂ ಹಾಗೆಯೇ ಆಯಿತು. ಪುಸ್ತಕದಲ್ಲಿ ಬರೆದ ವೇಳೆಗೆ ಗ್ರಹಣ ಹಿಡಿಯದು. ಗ್ರಹವು ಇರಬೇಕೆಂದ ಮನೆಯಲ್ಲಿ ಇರದು. ಸಾಮಾನ್ಯ ಜನರು ಇದನ್ನು ಆಕಾಶದ ತಪ್ಪೆನ್ನಲಾರರು, ಪಂಚಾಂಗದ ತಪ್ಪೆನ್ನಲು ಹೆದರುವರು.

ಈ ದೋಷವನ್ನು ತಿದ್ದುವ ಪ್ರಯತ್ನ ಕೇತಕರರಿಗಿಂತ ಮೊದಲೇ ಆರಂಭವಾಗಿತ್ತು. ಪ್ರಸಿದ್ಧ ಗಣಿತಜ್ಞ ಕೇರೋ ಲಕ್ಷ್ಮಣ ಛತ್ರೆಯವರು ಐರೋಪ್ಯ ಕೋಷ್ಟಕಗಳ ಸಹಾಯದಿಂದ ಹೊಸ ಪಂಚಾಂಗವನ್ನು ರೂಢಿಗೆ ತಂದಿದ್ದರು; ಅದು ಪಟವರ್ಧನಿ ಪಂಚಾಂಗವೆಂದು ಹೆಸರಾಯಿತು. ಕೇತಕರರು ಇನ್ನೂ ಮುಂದಕ್ಕೆ ಹೋದರು. ಯುರೋಪಿನ ಜ್ಯೋತಿರ್ವಿದರ ಸೂಕ್ಷ್ಮ ಗಣಿತವನ್ನೆಲ್ಲ ಅರಗಿಸಿಕೊಂಡು, ಅದನ್ನು ನಮ್ಮ ಶಾಸ್ತ್ರಿಗಳು ಬಳಸುವಂತೆ ಸಂಸ್ಕೃತದಲ್ಲಿ ‘ಜ್ಯೋತಿರ್ಗಣಿತಮ್’ ಎಂಬ ಬೃಹದ್ಗ್ರಂಥವನ್ನಾಗಿ ರಚಿಸಿದರು. ಪಂಚಾಂಗ ಮಾಡುವವರ ಅನುಕೂಲಕ್ಕಾಗಿ ‘ವೈಜಯಂತೀ’, ‘ಕೇತಕೀ ಗ್ರಹಗಣಿತಮ್’ ಮೊದಲಾದವನ್ನು ಬರೆದರು. ಕೇತಕೀ ಎಂದರೆ ಕೇದಗೆ. ಅದರಲ್ಲಿ ಅವರ ಮನೆತನದ ಹೆಸರೂ ಸೇರಿಕೊಂಡಿದೆ. ಇಂಗ್ಲಿಷಿನಲ್ಲಿ ಬರೆದು ಹೆಸರು ಗಳಿಸುವದು ಅವರಿಗೆ ಅಸಾಧ್ಯವಾಗಿರಲಿಲ್ಲ. ಆದರೆ ಹಳ್ಳಿಯ ಜೋಯಿಸರ ಕೈಯಲ್ಲಿ ಸರಿಯಾದ ಲೆಕ್ಕ ಇರದಿದ್ದರೆ ಜನರ ಮನೆಯ ಹಬ್ಬ, ವ್ರತ, ಶ್ರಾದ್ಧಗಳ ದಿನ ಸರಿಯಾಗದು ಎಂಬುದನ್ನು ಅವರು ಅರಿತಿದ್ದರು. ಶಂಕರ ಬಾಳಕೃಷ್ಣ ದೀಕ್ಷಿತರು ೧೮೯೬ರಲ್ಲಿ ಪ್ರಕಟಿಸಿದ ಭಾರತೀಯ ಜ್ಯೋತಿಷಶಾಸ್ತ್ರದ ಇತಿಹಾಸದಲ್ಲಿ ಬಾಗಲಕೋಟೆಯ ಈ ಮಾಸ್ತರರಿಗೂ ಸ್ಥಾನ ದೊರೆಯಿತು.

ಇನ್ನು ಚಿತ್ರೆ ಮತ್ತು ರೇವತಿಯರ ವ್ಯಾಜ್ಯಕ್ಕೆ ಬರೋಣ. ನಮ್ಮ ಹಿರಿಯರು ಸೂರ್ಯ-ಚಂದ್ರರ ದಾರಿಯನ್ನು ೨೭ ನಕ್ಷತ್ರಗಳಾಗಿ ಹಂಚಿ, ಅಶ್ವಿನಿಯಿಂದ ರೇವತಿಯವರೆಗೆ ಹೆಸರಿಟ್ಟರು. ನಮ್ಮ ರೈತರಿಗೆ ಇವು ಬರಿಯ ಹೆಸರುಗಳಲ್ಲ, ಮಳೆಗಳು. ರೋಹಿಣಿ ಬಂತೇ, ಮಿರಗ ಹೇಗಾಯಿತು, ಹಸ್ತ ಹುಯ್ಯಿತೇ ಎಂದು ಊರಿನಿಂದ ಬಂದವರನ್ನು ದಾದರ ಸ್ಟೇಶನ್ನಿನಲ್ಲಿಯೇ ಕೇಳುವ ಹಿರಿಯರು ನಮ್ಮಲ್ಲಿದ್ದಾರೆ. ಆದರೆ ವರ್ತುಲಕ್ಕೆ ಮೊದಲೆಲ್ಲಿ, ಕೊನೆಯೆಲ್ಲಿ? ಎಲ್ಲಿಯೋ ಒಂದೆಡೆ ಸೊನ್ನೆಯನ್ನು ನೆಡಬೇಕು. ವಸಂತಸಂಪಾತದಿಂದ ಎಣಿಸೋಣವೆಂದರೆ ಆ ಬಿಂದು ನಕ್ಷತ್ರಗಳ ನಡುವೆ ವರ್ಷಕ್ಕೆ ಸುಮಾರು ೫೦ ವಿಕಲೆಗಳಷ್ಟು ಹಿಂದಕ್ಕೆ ಸರಿಯುತ್ತದೆ. ೭೨ ವರ್ಷಗಳಿಗೆ ಒಂದು ಅಂಶ, ಸುಮಾರು ೨೬,೦೦೦ ವರ್ಷಗಳಿಗೆ ಒಂದು ಪೂರ್ಣ ಸುತ್ತು. ಆದ್ದರಿಂದ ಯಾವುದಾದರೂ ಒಂದು ನಕ್ಷತ್ರವನ್ನೇ ಮೈಲಿಗಲ್ಲೆಂದು ಹಿಡಿಯಬೇಕು.

ಸೂರ್ಯಸಿದ್ಧಾಂತವು ರೇವತಿಯನ್ನು ಹೆಚ್ಚುಕಡಿಮೆ ಸೊನ್ನೆಯ ಬಳಿಯಲ್ಲಿಯೂ ಚಿತ್ರೆಯನ್ನು ೧೮೦ ಅಂಶದಲ್ಲಿಯೂ ಇಡುತ್ತದೆ. ಅಂದರೆ ಇಬ್ಬರೂ ಎದುರುಬದುರು ಕುಳಿತವರು. ಆದರೆ ಆಕಾಶದಲ್ಲಿ ಅಳೆದು ನೋಡಿದರೆ, ಛತ್ರೆಯವರು ರೇವತಿಯೆಂದು ಹಿಡಿದ ಚುಕ್ಕೆಗೂ ಚಿತ್ರೆಗೂ ನಡುವೆ ೧೮೦ರ ಬದಲು ಸುಮಾರು ೧೮೪ ಅಂಶಗಳ ಅಂತರ ಬರುತ್ತದೆ. ಜಮೆ ಮತ್ತು ಖರ್ಚಿನ ಬದಿಗಳು ನಾಲ್ಕರಿಂದ ತಪ್ಪಿದವು. ಈಗ ಯಾವ ಬದಿಯನ್ನು ನಂಬಬೇಕು? ರೇವತಿಯನ್ನು ನಂಬಿದರೆ ಸೊನ್ನೆ ಒಂದೆಡೆ, ಚಿತ್ರೆಯನ್ನು ನಂಬಿದರೆ ನಾಲ್ಕು ಅಂಶ ಆಚೆ. ಸೂರ್ಯನು ದಿನಕ್ಕೆ ಸುಮಾರು ಒಂದು ಅಂಶ ಚಲಿಸುವದರಿಂದ ಸಂಕ್ರಾಂತಿಗೆ ನಾಲ್ಕು ದಿನಗಳ ಅಂತರ. ನನ್ನ ಮಗಳ ಪ್ರಶ್ನೆಗೆ ಉತ್ತರ ಇಲ್ಲಿದೆ. ಅಂತರವು ಅಷ್ಟಕ್ಕೇ ನಿಲ್ಲುವದಿಲ್ಲ; ಅಧಿಕ ಮಾಸವೂ ಒಮ್ಮೊಮ್ಮೆ ಬದಲಾಗಿ, ದೀಪಾವಳಿ ದಸರೆಗಳು ಕೂಡ ಒಂದು ತಿಂಗಳು ಹಿಂದುಮುಂದಾಗುವ ಸಂಭವವುಂಟು.

ಕೇತಕರರು ಚಿತ್ರೆಯ ಪಕ್ಷವನ್ನು ಹಿಡಿದರು. ಚಿತ್ರೆ ಪ್ರಥಮ ದರ್ಜೆಯ ಉಜ್ವಲ ನಕ್ಷತ್ರ. ಕನ್ಯಾರಾಶಿಯಲ್ಲಿ ಒಂಟಿಯಾಗಿ ಬೆಳಗುತ್ತದೆ. ಅದಾವುದೆಂಬುದರಲ್ಲಿ ಯಾರಿಗೂ ಸಂಶಯ ಬರುವಂತಿಲ್ಲ. ರೇವತಿಯ ಚುಕ್ಕೆಯಾದರೋ ಬರಿಗಣ್ಣಿಗೆ ಕಾಣುವ ಎಲ್ಲೆಯ ಸಮೀಪದಲ್ಲಿರುವ ಮಂಕು ಚುಕ್ಕೆ; ನೆರೆಯ ಚುಕ್ಕೆಗಳಲ್ಲಿ ಹಿಂದಿನವರು ಯಾವುದನ್ನು ರೇವತಿಯೆಂದರೋ ಎಂಬುದೇ ವಾದದ ವಿಷಯ. ಸಾಕ್ಷಿಗಳಿಬ್ಬರು ಬೇರೆ ಬೇರೆ ನುಡಿದಾಗ, ಮುಖ ಸ್ಪಷ್ಟವಾಗಿ ಕಾಣುವ ಸಾಕ್ಷಿಯನ್ನು ನಂಬುವದೇ ಲೇಸಲ್ಲವೇ?

ಆದರೆ ಎದುರು ಪಕ್ಷದಲ್ಲಿದ್ದವರು ಸಾಮಾನ್ಯರಲ್ಲ. ಲೋಕಮಾನ್ಯ ಟಿಳಕರೇ ರೇವತಿಯ ಪಕ್ಷದವರು. ಅವರೂ ಗಣಿತ ಕಲಿಸಿದವರು; ಮೃಗಶಿರ ನಕ್ಷತ್ರದ ಆಧಾರದಿಂದ ವೇದಗಳ ಕಾಲವನ್ನು ನಿರ್ಣಯಿಸಲು ೧೮೯೩ರಲ್ಲಿ ‘ಓರಾಯನ್’ ಗ್ರಂಥ ಬರೆದವರು. ೧೯೦೪ರಲ್ಲಿ ಇದೇ ಮುಂಬಯಿಯಲ್ಲಿ ಪಂಚಾಂಗ ಶುದ್ಧಿಗಾಗಿ ಜ್ಯೋತಿಷಿಗಳ ಸಭೆ ಕೂಡಿತು; ಮುಂದೆ ೧೯೨೦ರಲ್ಲಿ ಸಾಂಗಲಿಯಲ್ಲಿ ಕೂಡಿತು. ಟಿಳಕರ ಹೆಸರಿನ ಪಂಚಾಂಗ ರೂಢಿಗೆ ಬಂದಿತು. ಮಹಾರಾಷ್ಟ್ರದ ಕೆಲವು ಮನೆಗಳಲ್ಲಿ ಇಂದಿಗೂ ಅದು ನಡೆಯುತ್ತಿದೆ. ದೇಶವೆಲ್ಲ ತಲೆಬಾಗುತ್ತಿದ್ದ ನಾಯಕರ ಮತವೊಂದು ಕಡೆ, ಬಾಗಲಕೋಟೆಯ ಮಾಸ್ತರರ ಲೆಕ್ಕವೊಂದು ಕಡೆ. ಆದರೂ ಕೇತಕರರು ತಮ್ಮ ಪಕ್ಷವನ್ನು ಬಿಡಲಿಲ್ಲ. ದೊಡ್ಡವರ ಮೇಲಿನ ಗೌರವ ಬೇರೆ, ಲೆಕ್ಕದ ತಾಳೆ ಬೇರೆ ಎಂಬುದನ್ನು ಅವರ ನಡತೆ ತೋರಿಸುತ್ತದೆ.

ಅವರ ದೃಷ್ಟಿ ಪಂಚಾಂಗಕ್ಕೇ ಸೀಮಿತವಾಗಿರಲಿಲ್ಲ. ೧೮೪೬ರಲ್ಲಿ ನೆಪ್ಚೂನ್ ಗ್ರಹವು ಮೊದಲು ಕಾಗದದ ಮೇಲೆ ಲೆಕ್ಕದಲ್ಲಿ ಕಂಡು ಬಳಿಕ ದೂರದರ್ಶಕದಲ್ಲಿ ಕಂಡಂದಿನಿಂದ, ಅದರಾಚೆಗೂ ಗ್ರಹವಿರಬಹುದೇ ಎಂದು ಅನೇಕರು ಆಲೋಚಿಸುತ್ತಿದ್ದರು. ಗುರುವಿನ ಮೂರು ಚಂದ್ರರ ಗತಿಗಳಲ್ಲಿ ಲಾಪ್ಲಾಸ್ ಎಂಬ ಫ್ರೆಂಚ್ ಪಂಡಿತ ಒಂದು ಸುಂದರವಾದ ಸಂಬಂಧವನ್ನು ತೋರಿಸಿದ್ದ. ಅಂಥ ಸಂಬಂಧವೇ ದೂರದ ಗ್ರಹಗಳಲ್ಲಿಯೂ ಇದ್ದೀತೆಂದು ಭಾವಿಸಿ ಕೇತಕರರು ಲೆಕ್ಕ ಹಾಕಿದರು. ಅವರ ಲೇಖನವು ಫ್ರಾನ್ಸಿನ ಖಗೋಳ ಸಂಘದ ಪತ್ರಿಕೆಯ ೧೯೧೧ರ ಮೇ ಸಂಚಿಕೆಯಲ್ಲಿ ಪ್ರಕಟವಾಯಿತು. ನೆಪ್ಚೂನಿನಾಚೆ ಎರಡು ಗ್ರಹಗಳಿವೆಯೆಂದು ಸಾರಿ, ಅವಕ್ಕೆ ಬ್ರಹ್ಮ, ವಿಷ್ಣು ಎಂದು ಅವರು ನಾಮಕರಣವನ್ನೂ ಮಾಡಿದರು. ಬ್ರಹ್ಮನು ಸೂರ್ಯನಿಂದ ಇರುವ ದೂರ, ಭೂಮಿಯ ದೂರದ ೩೮.೯೫ ಪಟ್ಟು, ಒಂದು ಸುತ್ತಿಗೆ ಹಿಡಿಯುವ ಕಾಲ ೨೪೨.೨೮ ವರ್ಷ.

೧೯೩೦ನೆಯ ಫೆಬ್ರುವರಿ ೧೮ರಂದು ಅಮೆರಿಕದ ಲೋವೆಲ್ ವೇಧಶಾಲೆಯಲ್ಲಿ ಕ್ಲೈಡ್ ಟಾಂಬೋ ಎಂಬ ತರುಣ ಹೊಸ ಕಾಯವೊಂದನ್ನು ಕಂಡುಹಿಡಿದ. ಅದರ ಸರಾಸರಿ ದೂರ ಸುಮಾರು ೩೯.೫ ಪಟ್ಟು; ಸುತ್ತಿನ ಕಾಲ ಸುಮಾರು ೨೪೮ ವರ್ಷ. ಅಂಕಿಗಳ ಈ ಸಾಮೀಪ್ಯವನ್ನು ಕಂಡು ಯಾರಿಗಾದರೂ ರೋಮಾಂಚವಾಗಬೇಕು. ಆದರೆ ಅಭಿಮಾನದ ಭರದಲ್ಲಿ ಇಲ್ಲದ್ದನ್ನು ಹೇಳುವದು ಕೇತಕರರಂಥವರಿಗೆ ಸಲ್ಲಿಸುವ ಗೌರವವಲ್ಲ. ಯುರೇನಸ್, ನೆಪ್ಚೂನ್‌ಗಳ ನಡುವೆ ಅವರು ಊಹಿಸಿದ ಸಂಬಂಧ ವಾಸ್ತವದಲ್ಲಿಲ್ಲ. ಹೊಸ ಕಾಯವು ಆಕಾಶದ ಯಾವ ಭಾಗದಲ್ಲಿ ಕಂಡೀತೆಂದು ಅವರು ಹೇಳಿರಲಿಲ್ಲ. ಅವರ ವಿಷ್ಣು ಇಂದಿಗೂ ಯಾರ ಕಣ್ಣಿಗೂ ಬಿದ್ದಿಲ್ಲ. ಆದುದರಿಂದ ಅಂಕಿ ಹೊಂದಿದ್ದು ಬಹುಮಟ್ಟಿಗೆ ಯೋಗಾಯೋಗವೆಂದೇ ಎನ್ನಬೇಕು. ಬೆರಗಿನ ಸಂಗತಿಯೆಂದರೆ, ಮೂಲೆಯ ಊರೊಂದರ ಮಾಸ್ತರರು ತಮ್ಮ ಕಾಲದ ಅತಿ ಕಠಿಣ ಪ್ರಶ್ನೆಗೆ ಕೈಹಾಕಿ, ಉತ್ತರವನ್ನು ನೇರವಾಗಿ ಪ್ಯಾರಿಸಿಗೆ ಕಳಿಸುವ ಧೈರ್ಯ ಮಾಡಿದ್ದು.

ಹೊಸ ಕಾಯಕ್ಕೆ ಬ್ರಹ್ಮನ ಹೆಸರು ಬರಲಿಲ್ಲ. ಇಂಗ್ಲೆಂಡಿನ ಹನ್ನೊಂದು ವರ್ಷದ ಬಾಲಿಕೆ ವೆನೀಶಿಯಾ ಬರ್ನಿ ಸೂಚಿಸಿದಂತೆ ಪ್ಲೂಟೊ ಎಂಬ ಪಾತಾಳದೇವತೆಯ ಹೆಸರು ಬಂದಿತು. ೨೦೦೬ರಲ್ಲಿ ಆ ಪ್ಲೂಟೊ ಗ್ರಹದ ಪದವಿಯಿಂದಲೂ ಇಳಿದು ಕುಬ್ಜಗ್ರಹವಾಯಿತು. ಹೆಸರುಗಳ ಭಾಗ್ಯವೇ ಹೀಗೆ. ಕೇತಕರರು ಮರಾಠಿಯಲ್ಲಿ ‘ನಕ್ಷತ್ರವಿಜ್ಞಾನ’ವನ್ನೂ ಬರೆದರು. ನಮ್ಮ ಪ್ರಾಚೀನರು ೨೭ ನಕ್ಷತ್ರಗಳಿಗೂ, ಸಪ್ತರ್ಷಿ, ಅಗಸ್ತ್ಯ, ಅಭಿಜಿತ್, ಬ್ರಹ್ಮಹೃದಯದಂಥ ಕೆಲವಕ್ಕೂ ಹೆಸರಿಟ್ಟಿದ್ದರೇ ಹೊರತು, ಇಂದು ಜಗತ್ತು ಒಪ್ಪಿರುವ ೮೮ ಪುಂಜಗಳಿಗೆಲ್ಲ ನಮ್ಮಲ್ಲಿ ಹೆಸರಿರಲಿಲ್ಲ. ದೇಶಭಾಷೆಗಳಲ್ಲಿ ಬರೆಯುವವರೆಲ್ಲ ಹೊಸ ಹೆಸರುಗಳನ್ನು ಹುಡುಕಬೇಕಾಯಿತು. ಗ್ರೀಕರ ಕ್ಯಾಸಿಯೋಪಿಯಾ ಮರಾಠಿಯಲ್ಲಿ ಶರ್ಮಿಷ್ಠೆಯಾದಳು, ಆಂಡ್ರೋಮಿಡಾ ದೇವಯಾನಿಯಾದಳು, ಪರ್ಸಿಯಸ್ ಯಯಾತಿಯಾದ. ಕನ್ನಡದ ಖಗೋಳ ಬರಹಗಳಲ್ಲಿ ಅವೇ ಮೂರು ಕುಂತಿ, ದ್ರೌಪದಿ, ಪಾರ್ಥರಾದವು. ಒಂದೇ ಚುಕ್ಕೆಗಳಲ್ಲಿ ಮರಾಠಿಗರು ಯಯಾತಿಯ ಸಂಸಾರವನ್ನು ಕಂಡರೆ, ನಾವು ಪಾಂಡವರ ಸಂಸಾರವನ್ನು ಕಂಡೆವು. ಮುಂಬಯಿಯಲ್ಲಿ ಬೆಳೆಯುವ ನಮ್ಮ ಮಕ್ಕಳು ಎರಡನ್ನೂ ಕಲಿಯಲಿ. ಚುಕ್ಕೆಗಳಿಗೆ ಅದರಿಂದ ಯಾವ ತೊಂದರೆಯೂ ಇಲ್ಲ.

ಮುಂಬಯಿಗೂ ಕೇತಕರರಿಗೂ ಇನ್ನೊಂದು ನಂಟುಂಟು. ಭಾರತೀಯ ಮತ್ತು ಪರದೇಶಗಳ ಕಾಲಗಣನೆಯನ್ನು ಕುರಿತು ಅವರು ಇಂಗ್ಲಿಷಿನಲ್ಲಿ ಬರೆದ ದೊಡ್ಡ ಗ್ರಂಥವನ್ನು ೧೯೨೩ರಲ್ಲಿ ಪ್ರಕಟಿಸಿದ್ದು ರಾಯಲ್ ಏಶಿಯಾಟಿಕ್ ಸೊಸೈಟಿಯ ಮುಂಬಯಿ ಶಾಖೆ. ಇಂದು ಏಶಿಯಾಟಿಕ್ ಸೊಸೈಟಿ ಆಫ್ ಮುಂಬಯಿ ಎಂದು ಹೆಸರಾದ ಆ ಸಂಸ್ಥೆ ಕೋಟೆ ವಿಭಾಗದ ಟೌನ್ ಹಾಲಿನಲ್ಲಿದೆ. ಹಾರ್ನಿಮನ್ ಸರ್ಕಲ್ಲಿನ ಎದುರಿನ ಆ ಬಿಳಿಯ ಕಂಬಗಳ ಮುಂದೆ ನಮ್ಮಂಥ ಎಷ್ಟೋ ಗುಮಾಸ್ತರು ದಿನಾಲೂ ಡಬ್ಬಿಯ ಚೀಲ ಹಿಡಿದು ಹಾಯ್ದು ಹೋಗುತ್ತೇವೆ.

ಕೇತಕರರು ೧೯೩೦ನೆಯ ಆಗಸ್ಟ್ ೩ರಂದು ವಿಜಾಪುರದಲ್ಲಿ ತೀರಿಕೊಂಡರು. ಪ್ಲೂಟೊವಿನ ಸುದ್ದಿ ಜಗತ್ತಿಗೆಲ್ಲ ಹಬ್ಬಿ ಆಗ ಇನ್ನೂ ಐದು ತಿಂಗಳೂ ಆಗಿರಲಿಲ್ಲ. ಸ್ವಾತಂತ್ರ್ಯದ ಬಳಿಕ, ೧೯೫೨ರಲ್ಲಿ, ಭಾರತ ಸರಕಾರವು ಮೇಘನಾದ ಸಾಹಾ ಅವರ ಅಧ್ಯಕ್ಷತೆಯಲ್ಲಿ ಪಂಚಾಂಗ ಸುಧಾರಣಾ ಸಮಿತಿಯನ್ನು ನೇಮಿಸಿತು. ಸಮಿತಿಯು ದೇಶದ ನಾನಾ ಪಂಚಾಂಗಗಳನ್ನು ತರಿಸಿ ನೋಡಿ, ೧೯೫೫ರಲ್ಲಿ ವರದಿ ಒಪ್ಪಿಸಿತು. ೧೯೫೭ನೆಯ ಮಾರ್ಚ್ ೨೨ರಿಂದ ರಾಷ್ಟ್ರೀಯ ಪಂಚಾಂಗ ಜಾರಿಗೆ ಬಂದಿತು. ಹಬ್ಬಗಳ ಗಣನೆಗಾಗಿ ಸಮಿತಿ ಹಿಡಿದ ಸೊನ್ನೆ ಮೂಲತಃ ಚಿತ್ರೆಯ ಎದುರಿನ ಸೊನ್ನೆಯೇ ಆಗಿತ್ತು. ಕೇತಕರರಿಟ್ಟ ಹೆಸರುಗಳು ಉಳಿಯಲಿಲ್ಲ, ಅವರು ನಂಬಿದ ಸೊನ್ನೆ ಉಳಿಯಿತು. ಇಂದು ನಮ್ಮ ಮನೆಗಳಲ್ಲಿ ಗೋಡೆಗೆ ತೂಗುಹಾಕಿದ ದಿನದರ್ಶಿಕೆಯಲ್ಲಿ ಸಂಕ್ರಾಂತಿಯನ್ನು ಜನವರಿ ೧೪ ಅಥವಾ ೧೫ಕ್ಕೆ ನೋಡುವಾಗ, ನಾವು ಅವರಿಗೆ ಋಣಿಗಳೆಂಬುದು ನಮ್ಮಲ್ಲಿ ಹಲವರಿಗೆ ತಿಳಿಯದು.

ಅವರು ಬದುಕಿದ್ದಷ್ಟು ಕಾಲವೂ ಬಾಗಲಕೋಟೆ, ವಿಜಾಪುರಗಳು ಮುಂಬಯಿ ಪ್ರಾಂತದಲ್ಲಿದ್ದವು. ೧೯೫೬ನೆಯ ನವೆಂಬರ್ ೧ರಂದು ಅವು ಕನ್ನಡ ನಾಡಿನ ಒಡಲಿಗೆ ಬಂದವು. ಆ ದಿನವನ್ನೇ ನಾವು ಇಲ್ಲಿ ಕೂಡಿ ಆಚರಿಸುತ್ತೇವೆ. ಇಂದು ಹಳೆಯ ಬಾಗಲಕೋಟೆಯ ಒಂದು ಭಾಗ ಆಲಮಟ್ಟಿಯ ಹಿನ್ನೀರಿನಲ್ಲಿದೆ, ವಿಜಾಪುರ ವಿಜಯಪುರವಾಗಿದೆ. ಕೇತಕರರು ಮರಾಠಿಗರೋ ಕನ್ನಡಿಗರೋ ಎಂದು ಯಾರಾದರೂ ಕೇಳಬಹುದು. ಗಡಿಯ ಮಾತು ಬಂದಾಗಲೆಲ್ಲ ಎರಡೂ ಕಡೆ ಮನಸ್ಸುಗಳು ಕಹಿಯಾಗುವದನ್ನು ನಾವು ಕಂಡವರೇ. ಮರಾಠಿ ಮನೆಮಾತಿನ ಒಬ್ಬರು ಕನ್ನಡದ ನೆಲದಲ್ಲಿ ಹುಟ್ಟಿ, ಕನ್ನಡದ ಮಕ್ಕಳಿಗೆ ಪಾಠ ಹೇಳಿ, ಆ ನೆಲದಲ್ಲಿಯೇ ಮಣ್ಣಾದರು. ಕನ್ನಡ ಮನೆಮಾತಿನ ನಾವು ಮರಾಠಿ ನೆಲದಲ್ಲಿ ದುಡಿದು ಉಣ್ಣುತ್ತಿದ್ದೇವೆ. ಇರುವ ಊರಿಗೆ ನಮ್ಮ ಕೈಯಿಂದ ಸರಿಯಾದ ಒಂದು ಲೆಕ್ಕವನ್ನಾದರೂ ಕೊಟ್ಟು ಹೋಗಬೇಕೆಂಬುದೇ ಅವರ ಬಾಳಿನಿಂದ ನಾನು ಕಲಿತ ಪಾಠ.

ಕೊನೆಗೊಂದು ವಿಜ್ಞಾಪನೆ. ರಾಜ್ಯೋತ್ಸವದ ರಾತ್ರಿ ಕಾರ್ಯಕ್ರಮ ಮುಗಿಸಿ ಮನೆಗೆ ಹೊರಟಾಗ ಮಕ್ಕಳೊಡನೆ ಒಮ್ಮೆ ತಲೆಯೆತ್ತಿ ನೋಡಿರಿ. ಮೋಡವಿಲ್ಲದಿದ್ದರೆ ಮೂಡಣದಲ್ಲಿ ಕೃತ್ತಿಕೆಯ ಗೊಂಚಲು, ಅದರ ಹಿಂದೆಯೇ ಕೆಂಪು ರೋಹಿಣಿ ಮೇಲೇರುತ್ತಿರುತ್ತವೆ. ಹನ್ನೊಂದರ ಸುಮಾರಿಗೆ ರೇವತಿ ನೆತ್ತಿಯ ಹತ್ತಿರಕ್ಕೆ ಬಂದಿರುತ್ತದೆ. ಮುಂಬಯಿಯ ದೀಪಗಳ ನಡುವೆ ಅದು ಕಾಣಿಸದು. ಚಿತ್ರೆಯನ್ನು ನೋಡಬೇಕೆಂದರೆ ಮರುದಿನ ಬೆಳಗಿನ ಲೋಕಲ್ಲಿಗೆ ಹೊರಡುವವರು ಇನ್ನಷ್ಟು ಬೇಗ ಏಳಬೇಕು. ಸೂರ್ಯೋದಯಕ್ಕೆ ಸುಮಾರು ಒಂದು ಗಂಟೆ ಮೊದಲು ಅದು ಮೂಡಣ ದಿಗಂತದಲ್ಲಿ ಮೂಡುತ್ತದೆ. ಬೆಳಕು ಹರಿಯುವ ಮುನ್ನ ಕೆಲವೇ ನಿಮಿಷ ಕಂಡೀತು. ಕಂಡರೆ, ಬಾಗಲಕೋಟೆಯ ಮಾಸ್ತರರನ್ನು ಒಮ್ಮೆ ನೆನೆಯಿರಿ.